ಬಾಗಿಲ ಕಡೆ ನೋಡುವ ಮಕ್ಕಳು

ನಮ್ಮ ಯಜಮಾನರು ಈಗ ಮಕ್ಕಳ ಫೋಟೋ ತಿದ್ದುವುದಿಲ್ಲ. ಮೂಗಿನಿಂದ ಸಿಂಬಳ ಇಳಿದಿದ್ದರೆ ಫೋಟೋದಲ್ಲೂ ಇಳಿದಿರುತ್ತದೆ. ಮೊನ್ನೆ ಒಬ್ಬಾಕೆ, “ಇದೇನ್ರೀ, ಸೊಳ್ಳೆ ಕಚ್ಚಿದ್ದೂ ಹಾಗೇ ಬಿಟ್ಟಿದೀರಲ್ಲ, ನಾಲ್ಕು ಜನಕ್ಕೆ ಹೇಗೆ ತೋರಿಸೋದು?” ಎಂದು ಕೂಗಾಡಿ ಫೋಟೋ ಮೇಜಿನ ಮೇಲೆ ಎಸೆದು ಹೋದಳು. ಇವರು ಅದನ್ನು ಒರೆಸಿ ಡ್ರಾಯರಿನಲ್ಲಿಟ್ಟರು. ಬೀದಿಯ ಆ ತುದಿಯಲ್ಲಿ ಹೊಸ ಸ್ಟುಡಿಯೋ ಬಂದಿದೆ, ಅಲ್ಲಿ ಮಕ್ಕಳ ಬೆನ್ನಿಗೆ ರೆಕ್ಕೆ ಬೇರೆ ಅಂಟಿಸಿ ಕೊಡುತ್ತಾರಂತೆ. ಗಿರಾಕಿಗಳೆಲ್ಲ ಅಲ್ಲಿಗೇ ಹೋಗುತ್ತಾರೆ. ಹೋಗಲಿ ಬಿಡಿ.

ಮೊದಲು ಹೀಗಿರಲಿಲ್ಲ. ಮಗುವಿನ ಫೋಟೋ ಅಂದರೆ ಇವರೇ, ಅದೂ ಕಪ್ಪುಬಿಳುಪೇ. “ಬಣ್ಣ ಇದ್ರೆ ಜನ ಅಂಗಿ ನೋಡ್ತಾರೆ, ಇಲ್ದಿದ್ರೆ ಕಣ್ಣು ನೋಡ್ತಾರೆ” ಎನ್ನುತ್ತಿದ್ದರು. ಮನೆಯ ಮುಂದಿನ ಕೋಣೆಯೇ ಸ್ಟುಡಿಯೋ. ಒಂದು ಗೋಡೆಗೆ ಕಪ್ಪು ಪರದೆ, ಅದರ ಮುಂದೆ ಮರದ ಸ್ಟೂಲು, ಸ್ಟೂಲಿನ ಎಡಕ್ಕೆ ಎತ್ತರದ ಒಂದೇ ಒಂದು ಕಿಟಕಿ. ಇವರಿಗೆ ಆ ಕಿಟಕಿಯ ಬೆಳಕು ಬಿಟ್ಟರೆ ಬೇರೆ ಬೆಳಕು ಬೇಡ. ಕಿಟಕಿಯ ಪಕ್ಕ ನಿಂತು ಮಗುವನ್ನು ನಗಿಸುವುದು ನನ್ನ ಕೆಲಸ. ಕಾಗೆ ಕೂಗುವುದು, ಬೆಕ್ಕಾಗುವುದು, ಸುಳ್ಳು ಸುಳ್ಳೇ ಸೀನುವುದು. ಮದುವೆಯಾಗುವಾಗ ಜೀವಮಾನವಿಡೀ ಕಾಗೆ ಕೂಗಬೇಕು ಅಂತ ಯಾರಾದರೂ ಹೇಳಿದ್ದರೆ ನಾನು ಇನ್ನೊಮ್ಮೆ ಯೋಚನೆ ಮಾಡುತ್ತಿದ್ದೆ.

ಫೋಟೋ ತೆಗೆಯುವುದು ಒಂದು ಕ್ಷಣ, ಆಮೇಲೆ ಕಂಪ್ಯೂಟರ್ ಮುಂದೆ ಇಡೀ ದಿನ. ಗುಳ್ಳೆ, ತರಚು ಗಾಯ, ಮುಂದಿನ ಹಲ್ಲಿನ ಹುಳುಕು, ಎಲ್ಲ ಅಳಿಸಿಬಿಡುತ್ತಿದ್ದರು. “ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರಲ್ಲ, ಸುಳ್ಳು ಕಣೇ. ಹೆಗ್ಗಣದ ಫೋಟೋದಲ್ಲಿ ಮೊಲ ಕಾಣ್ಬೇಕು ಅವ್ರಿಗೆ” ಎಂದು ನಗುತ್ತಿದ್ದರು. ಕೊನೆಗೆ ಮಗುವನ್ನು ಕನ್ನಡಿಯಲ್ಲಿ ಕಂಡಂತೆ ಎಡದಿಂದ ಬಲಕ್ಕೆ ತಿರುಗಿಸುತ್ತಿದ್ದರು. ಗೋಡೆಯ ಮೇಲೆ ನೇತುಹಾಕಿದ ಮಕ್ಕಳೆಲ್ಲ ಬಾಗಿಲ ಕಡೆ ನೋಡುತ್ತಿರಬೇಕು, ಒಳಗೆ ಬಂದವರನ್ನು ಕರೆಯುತ್ತಿರಬೇಕು ಎಂಬುದು ಇವರ ಹಟ. ಗಿರಾಕಿಗೂ ಅದೇ ಪ್ರತಿ. ಒಬ್ಬರೂ ಗುರುತಿಸಿದ್ದಿಲ್ಲ. ತಿರುಗಿಸಿ ತಿರುಗಿಸಿ ಅಭ್ಯಾಸವಾಗಿ, ಬೆರಳು ತಾನಾಗಿ ಮಾಡುತ್ತಿತ್ತು, ಮಾಡಿದ್ದು ಇವರಿಗೇ ಗೊತ್ತಾಗುತ್ತಿರಲಿಲ್ಲ. ತಿದ್ದಿದ್ದನ್ನು ಮೂಲದ ಮೇಲೇ ಸೇವ್ ಮಾಡುವ ಚಾಳಿ ಬೇರೆ. ಕಂಪ್ಯೂಟರಿನಲ್ಲಿ ಜಾಗ ಕಡಿಮೆ, ಹಳೆಯದು ಯಾಕೆ ಬೇಕು ಅನ್ನುತ್ತಿದ್ದರು.

ನಮ್ಮ ಎದುರಿಗೆ, ತಗಡಿನ ಮಾಡಿನ ಕೆಳಗೆ, ಇಸ್ತ್ರಿಯವಳ ಗಾಡಿ. ಅವಳಿಗೊಬ್ಬ ಮಗ, ಆಗಷ್ಟೇ ಶಾಲೆಗೆ ಸೇರಿದವನು. ಎಲ್ಲರೂ ಅವನನ್ನು ಗುಂಡ ಅನ್ನುತ್ತಿದ್ದರು, ಆದರೆ ಹುಡುಗ ಕಡ್ಡಿ ಪೈಲ್ವಾನ. ಅಂಬೆಗಾಲಿಡುವಾಗ ಕೆಳಗಿಟ್ಟಿದ್ದ ಇಸ್ತ್ರಿ ಪೆಟ್ಟಿಗೆಯ ಮೂತಿಗೆ ಮುಖ ತಾಗಿಸಿ ಬಲಗೆನ್ನೆ ಸುಟ್ಟುಕೊಂಡಿದ್ದ. ಗುರುತು ಹಾಗೇ ಉಳಿದಿತ್ತು. ನೋಡಿದವರೆಲ್ಲ ಬಾಯಿ ಹಾಕುವವರೇ: “ತಾಯಿಯಾದೋಳು ಕಣ್ಣು ಎಲ್ಲಿಟ್ಕೊಂಡಿದ್ಲೋ!” ಅವಳು ತಲೆ ತಗ್ಗಿಸಿ ಬಟ್ಟೆ ಮಡಚುತ್ತಿದ್ದಳು.

ಶಾಲೆಯ ಸಮವಸ್ತ್ರ ಹಾಕಿಸಿ ಒಂದು ದಿನ ಅವನನ್ನು ಫೋಟೋಕ್ಕೆ ಕರೆತಂದಳು. ನಾನು ಕಾಗೆಯಾದೆ. ಗುಂಡ ನನ್ನನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕ. “ಅಣ್ಣಾ, ಆ ಸುಟ್ಟ ಗುರುತು ತೆಗೆದುಬಿಡಿ” ಎಂದಳು ಅವಳು. “ಫೋಟೋದಲ್ಲಾದ್ರೂ ನನ್ನ ತಪ್ಪು ಕಾಣೋದು ಬೇಡ.” ಫೋಟೋ ಕೈಗೆ ಬಂದಾಗ ಬಹಳ ಹೊತ್ತು ನೋಡಿದಳು. “ಚೆನ್ನಾಗಿದೆ ಅಣ್ಣಾ. ಆದ್ರೂ ಏನೋ, ಪಕ್ಕದ ಮನೆ ಹುಡುಗನ ಥರ ಕಾಣ್ತಾನೆ.” ಗುರುತು ಹೋಯಿತಲ್ಲ, ಅದಕ್ಕೇ ಹಾಗೆ ಎಂದು ನಾವೆಲ್ಲ ನಕ್ಕೆವು.

ಆ ಚಳಿಗಾಲದಲ್ಲಿ ಗುಂಡನಿಗೆ ಜ್ವರ ಬಂತು. ತಲೆಗೇರಿತು. ಆಸ್ಪತ್ರೆಗೆ ಹೋದ ಮಗು ಮನೆಗೆ ಜೀವಂತ ಬರಲಿಲ್ಲ.

ಇಸ್ತ್ರಿಯವಳು ಅಳಲಿಲ್ಲ. ಅದೇ ನಮಗೆಲ್ಲ ಭಯ. ಕೆಲವು ದಿನಕ್ಕೆ ಗಾಡಿಗೆ ವಾಪಸ್ ಬಂದಳು, ಊರವರ ಬಟ್ಟೆಯ ಜೊತೆಗೆ ಗುಂಡನ ಸಮವಸ್ತ್ರವನ್ನೂ ದಿನಾ ಇಸ್ತ್ರಿ ಮಾಡಿ ಮೊಳೆಗೆ ನೇತುಹಾಕತೊಡಗಿದಳು. ಬೆಳಿಗ್ಗೆ ಅದಕ್ಕೆ ನೀರು ಚಿಮುಕಿಸಿ ಮತ್ತೆ ಇಸ್ತ್ರಿ. ಹೇಳುವ ಧೈರ್ಯ ಯಾರಿಗಿತ್ತು? ಮೂಟೆ ಹೊರುವ ಅವಳ ಗಂಡನೂ ಆ ಮೊಳೆಯ ಕಡೆ ನೋಡದೆ ಹೋಗುತ್ತಿದ್ದ.

ಒಂದು ಮಧ್ಯಾಹ್ನ ಅವಳು ಫೋಟೋ ಹಿಡಿದು ನಮ್ಮಲ್ಲಿಗೆ ಬಂದಳು.

“ಅಣ್ಣಾ, ಗುರುತು ವಾಪಸ್ ಹಾಕಿಕೊಡಿ.”

ಇವರು ನನ್ನ ಮುಖ ನೋಡಿದರು. ಅವಳು ನನ್ನ ಕಡೆ ತಿರುಗಿದಳು. “ಅಕ್ಕಾ, ಅವನ ಮುಖ ಜಾರಿ ಹೋಗ್ತಿದೆ. ಕಣ್ಮುಚ್ಚಿದ್ರೆ ಈ ಫೋಟೋದೋನು ಬರ್ತಾನೆ. ನನ್ನ ಮಗ ಬರ್ತಿಲ್ಲ. ಇನ್ನೊಂದಿಷ್ಟು ದಿನ ಹೋದ್ರೆ ಇವನೊಬ್ಬನೇ ಉಳ್ಕೋತಾನೆ.”

ಅವನದೆಂದು ಇದ್ದದ್ದು ಇದೊಂದೇ ಫೋಟೋ. ಆಗ ನಮ್ಮ ಬೀದಿಯಲ್ಲಿ ಯಾರ ಫೋನಿನಲ್ಲೂ ಕ್ಯಾಮೆರಾ ಇರಲಿಲ್ಲ. ಇವರು ಕಂಪ್ಯೂಟರನ್ನು ಜಾಲಾಡಿದರು. ಮೂಲ ಎಲ್ಲಿರಬೇಕು? ಅದರ ಮೇಲೇ ಬರೆದಾಗಿತ್ತಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಹಣೆ ಚಚ್ಚಿಕೊಂಡು ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡರು. ಅವಳು ತನ್ನ ಬಲಗೆನ್ನೆಯ ಮೇಲೆ ಬೆರಳಿಟ್ಟು ತೋರಿಸಿದಳು. ಇವರು ಕಂಪ್ಯೂಟರ್ ಪರದೆಯ ಹುಡುಗನ ಬಲಗೆನ್ನೆಯ ಮೇಲೆ ಬರೆದರು. ಇನ್ನೂ ಕೆಳಗೆ. ಇಲ್ಲಿ ಚೂಪು, ಇಲ್ಲಿ ಅಗಲ. ಅಳಿಸಿದ ಕೈಯೇ ಗಾಯವನ್ನು ಎಳೆ ಎಳೆಯಾಗಿ ವಾಪಸ್ ಕೂರಿಸುತ್ತಿತ್ತು. ನನಗೆ ನೋಡಲಾಗದೆ ಎದ್ದು ಒಳಗೆ ಹೋದೆ.

“ಗುರುತು ಸರಿಯಾಗಿದೆ ಅಣ್ಣಾ” ಎಂದಳು ಕೊನೆಗೆ. “ಹುಡುಗ ಸರಿಯಿಲ್ಲ.”

ಮರುದಿನವೂ ಬಂದಳು, ಅದರ ಮರುದಿನವೂ. ಇವರು ಹುಬ್ಬು ತಿದ್ದಿದರು, ಹುಳುಕು ಹಲ್ಲು ಕೂರಿಸಿದರು, ತಾವು ಹಿಂದೆ ಏನೇನು ಅಳಿಸಿರಬಹುದು ಎಂದು ತಡಕಾಡಿ ತಡಕಾಡಿ ಹಾಕಿದರು. ಅವಳದ್ದು ಒಂದೇ ಮಾತು: “ಯಾರೋ ಅವನ ವೇಷ ಹಾಕ್ಕೊಂಡು ಕೂತಿದಾನೆ.” ಗಂಡ ಬಂದು ಬಾಗಿಲಲ್ಲೇ ನಿಂತು, “ಬಿಟ್ಬಿಡಿ ಸಾರ್, ಅವಳಿಗೆ ತಲೆ ಕೆಟ್ಟಿದೆ” ಎಂದ. ನನಗೆ ಮೈಯೆಲ್ಲ ಉರಿಯಿತು. “ಮಗು ಹೋಗಿರೋದು ಅವಳದು, ತಲೆ ಕೆಡದೆ ಇನ್ನೇನಾಗ್ಬೇಕು? ನಿನ್ನ ತಲೆ ಸರಿಯಿದ್ರೆ ಆ ಮೊಳೆ ಕಡೆ ಒಂದ್ಸಲ ನೋಡಪ್ಪಾ!” ಎಂದುಬಿಟ್ಟೆ. ಅವನು ಮುಖ ಮುಚ್ಚಿಕೊಂಡು ಬಿಕ್ಕಿದ. ಬಾಯಿ ಬಿಟ್ಟದ್ದಕ್ಕೆ ನಾಲಿಗೆ ಕಚ್ಚಿಕೊಂಡೆ.

ಇವರು ಊಟ ಬಿಟ್ಟರು. “ನಾನು ಆ ಮಗೂನ ಎರಡನೇ ಸಲ ಸಾಯಿಸ್ತಿದೀನಿ ಕಣೇ” ಎಂದರು. ಬೇರೆ ದಿನವಾಗಿದ್ದರೆ ನಾಟಕ ಸಾಕು ಎಂದು ಗದರಿಸುತ್ತಿದ್ದೆ. ಆ ದಿನ ತಣ್ಣಗಾದ ತಟ್ಟೆ ಎತ್ತಿಕೊಂಡು ಒಳಗೆ ಹೋದೆ.

ಆಗಲೇ ಒಬ್ಬ ತಾಯಿ ಮಗುವನ್ನು ಕರೆತಂದಿದ್ದಳು. ಆ ಮಗು ಸ್ಟೂಲು ಕಂಡರೆ ಅರಚುತ್ತಿತ್ತು. ಏನೂ ಆಗಲ್ಲ ನೋಡು ಅಂತ ನಾನೇ ಸ್ಟೂಲಿನ ಮೇಲೆ ಕೂತು ತೋರಿಸಿದೆ. ಅಷ್ಟು ವರ್ಷದಲ್ಲಿ ನಾನು ಅಲ್ಲಿ ಕೂತದ್ದೇ ಇಲ್ಲ, ನನ್ನ ಜಾಗ ಕಿಟಕಿಯ ಹತ್ತಿರ. ಕೂತರೆ ಬೆಳಕೆಲ್ಲ ನನ್ನ ಎಡಗೆನ್ನೆಗೆ ಬೀಳುತ್ತಿತ್ತು. ಎದುರಿಗೆ ಕಂಪ್ಯೂಟರ್ ಪರದೆಯ ಮೇಲೆ ಗುಂಡ. ಅವನ ಬೆಳಕು ಬಲಗೆನ್ನೆಯ ಮೇಲಿತ್ತು. ನೋಡುತ್ತಿದ್ದದ್ದೂ ಬಲಕ್ಕೆ.

“ರೀ” ಎಂದೆ. “ಇವನು ಯಾರನ್ನ ನೋಡಿ ನಗ್ತಿದಾನೆ?”

“ನಿನ್ನನ್ನ.”

“ನಾನು ನಿಲ್ಲೋದು ಕಿಟಕಿ ಹತ್ರ ಕಣ್ರೀ. ಆ ಕಡೆ ಬರೀ ಗೋಡೆ. ಕೂಸು ಗೋಡೆ ನೋಡಿ ನಗುತ್ತಾ?”

ಇವರ ಮುಖ ಸುಣ್ಣ ಬಳಿದಂತಾಯಿತು. ಬಂದಿದ್ದ ತಾಯಿಯನ್ನು ಏನೋ ಹೇಳಿ ಕಳಿಸಿಬಿಟ್ಟರು. ಬರೆದ ಗುರುತನ್ನು ಅಳಿಸಿದರು. ತಾವೇ ಹಿಂದೆ ತಿರುಗಿಸಿದ್ದ ಹುಡುಗನನ್ನು ವಾಪಸ್ ತಿರುಗಿಸಿದರು. ಮತ್ತೆ ಬಲಗೆನ್ನೆಯ ಮೇಲೆ, ಈ ಸಲ ನೆರಳಿನ ಕಡೆಗೆ, ಗುರುತು ಹಾಕಿದರು. ಕಪ್ಪುಬಿಳುಪಿನಲ್ಲಿ ಅದು ನೆರಳೊಳಗೆ ಅರ್ಧ ಮುಚ್ಚಿಹೋಗಿತ್ತು. ಗುಂಡ ಕಿಟಕಿಯ ಕಡೆ ನೋಡಿ ನಗುತ್ತಿದ್ದ. ನಾನು ಮುಖ ತಿರುಗಿಸಿದೆ. ನನ್ನ ಕಾಗೆಯನ್ನು ನೋಡಿದ ಆ ಹುಡುಗನೇ ಅದು, ಅನುಮಾನವೇ ಬೇಡ.

ಇಸ್ತ್ರಿಯವಳು ಸಂಜೆ ಬಂದಳು. ಇವರು ಫೋಟೋ ಅವಳ ಕೈಗೆ ಕೊಟ್ಟರು. ಅವಳ ಬೆರಳ ತುದಿಗಳೆಲ್ಲ ಬಿಸಿ ತಾಗಿ ತಾಗಿ ಜಡ್ಡುಗಟ್ಟಿದ್ದವು. ಆ ಬೆರಳಿನಿಂದ ಗುರುತನ್ನು ಮುಟ್ಟಿದಳು, ಆಮೇಲೆ ಕಿವಿ, ಆಮೇಲೆ ಕೂದಲು.

“ಹೂಂ” ಎಂದಳು. “ಇವನೇ.”

ದೇವರೇ, ಅಂತೂ ಆಯಿತಲ್ಲ ಎಂದು ನನಗೆ ಜೀವ ಬಂದಂತಾಯಿತು. ಇವರು ಕುರ್ಚಿಯಲ್ಲಿ ಕುಸಿದು ಕೂತರು. ಅವಳು ಬಾಗಿಲವರೆಗೆ ಹೋದಳು, ಅಲ್ಲಿ ನಿಂತಳು. ಎದುರು ಗಾಡಿಯ ಮೊಳೆಯಲ್ಲಿ ಪುಟ್ಟ ಅಂಗಿ, ಪುಟ್ಟ ಚಡ್ಡಿ, ಗೆರೆ ಮುರಿಯದ ಹಾಗೆ ನೇತಾಡುತ್ತಿದ್ದವು. ನಮ್ಮ ಗೋಡೆಯ ಮಕ್ಕಳೆಲ್ಲ ಅವಳನ್ನೇ ನೋಡುತ್ತಿದ್ದರು.

“ಅಕ್ಕಾ” ಎಂದಳು, ತಿರುಗದೆ. “ಹಾಗಾದ್ರೆ ನಾಳೆಯಿಂದ ಅವನ ಬಟ್ಟೆ ಇಸ್ತ್ರಿ ಮಾಡೋದು ಬೇಡ, ಅಲ್ವಾ?”

ಊರ ಮಕ್ಕಳನ್ನೆಲ್ಲ ನಗಿಸಿದ ಬಾಯಿ ನನ್ನದು.

“ಬೇಡ ಕಣಮ್ಮಾ” ಎಂದೆ.