ಬೆಳೆಯದ ಪಿಂಚಣಿ

ಗೋಣಿಕೊಪ್ಪಲಿನ ಹತ್ತಿರದ ಎಸ್ಟೇಟಿನಲ್ಲಿ ಹನ್ನೆರಡು ವರ್ಷ ಆಳುಗಳ ಹಾಜರಿ, ಲೆಕ್ಕ ಬರೆಯುವ ರೈಟರ್ ಆಗಿದ್ದು, ನಲವತ್ತಕ್ಕೆ ಕೆಲಸ ಬಿಟ್ಟೆ. ಪಿಂಚಣಿ ಸಿಗುವುದು ಐವತ್ತೆಂಟಕ್ಕೆ. ಅಲ್ಲಿಯವರೆಗೆ ಅದು ತಾನಾಗಿಯೇ ಬೆಳೆಯುತ್ತದೆಂದು ಹೆಂಡತಿಯನ್ನೂ ನಂಬಿಸಿದ್ದೆ. ಮೊನ್ನೆ ಐವತ್ತೇಳು ತುಂಬಿತೆಂದು ಪಿಂಚಣಿ ಕಚೇರಿಗೆ ಹೋದೆ.

"ಎಷ್ಟು ಬೆಳೆದಿದೆ ಮೇಡಂ?"

"ಏನೂ ಬೆಳೆದಿಲ್ಲ. ಕೆಲಸ ಬಿಟ್ಟಾಗಿನ ಸಂಬಳ, ದುಡಿದ ವರ್ಷ, ಇವೆರಡರ ಮೇಲೇ ಲೆಕ್ಕ. ಐವತ್ತೆಂಟಾದ ಮೇಲೂ ತಗೊಳ್ಳದೆ ಎರಡು ವರ್ಷ ಕಾದ್ರೆ ಸ್ವಲ್ಪ ಜಾಸ್ತಿ ಬರುತ್ತೆ."

"ಹಾಗಾದ್ರೆ ನಾನು ಹದಿನೇಳು ವರ್ಷ ಕಾದದ್ದು?"

ಆಕೆ ಕನ್ನಡಕದ ಮೇಲಿಂದ ನೋಡಿದರು. "ಅದಕ್ಕೆ ಕಾದದ್ದು ಅನ್ನಲ್ಲ ಸರ್, ವಯಸ್ಸಾದದ್ದು ಅಂತಾರೆ."

ಹೊರಗೆ ಸಾಲಿನಲ್ಲಿದ್ದ ಒಬ್ಬರು, "ಏನಂದ್ರು?" ಎಂದು ಕೇಳಿದರು.

"ಇನ್ನೂ ಕಾಯ್ಬೇಕಂತೆ."

"ಪರವಾಗಿಲ್ಲ, ಅಷ್ಟರಲ್ಲಿ ಇನ್ನೂ ಬೆಳೆಯುತ್ತಲ್ಲ," ಎಂದು ಅವರು ನನಗೇ ಧೈರ್ಯ ಹೇಳಿದರು.