ಕೆಂಪು ಕಾರಿನ ಬ್ರೇಕು, ಮೇಸ್ತ್ರಿಯ ಸಂಬಳ

ಮೇಸ್ತ್ರಿಗೆ ಏಳು ತಿಂಗಳ ಸಂಬಳ ಬರಬೇಕು. ಕೊಡಬೇಕಾದವನು ಆರು ಹಳೇ ಕಾರುಗಳಿಗೆ ಹೊದಿಕೆ ಹೊದಿಸಿ, ಶೆಡ್ಡಿನಲ್ಲಿ ಮಕ್ಕಳ ಹಾಗೆ ಮಲಗಿಸಿರುವ ಯಜಮಾನ. ಯಾಕಯ್ಯಾ ಕೊಡುವುದಿಲ್ಲ ಎಂದರೆ ಅವನು ಹೇಳುವ ಕಾರಣಕ್ಕೆ ಮೈ ಉರಿಯುತ್ತದೆ: ಮೇಸ್ತ್ರಿ ಅವನ ಕಾರಿಗೆ ಒಳ್ಳೆಯ ಬ್ರೇಕು ಹಾಕಿದನಂತೆ.

ಮೇಸ್ತ್ರಿಗೆ ಐವತ್ತೆಂಟು ವರ್ಷ. ಗ್ರೈಂಡರಿನ ಸದ್ದಿಗೆ ಎಡಗಿವಿ ಹೋಗಿದೆ. ಹೆಂಡತಿ ಬಯ್ಯಲು ಶುರುಮಾಡಿದರೆ ಆ ಕಿವಿಯನ್ನೇ ಅವಳ ಕಡೆ ತಿರುಗಿಸುತ್ತಾನೆ. ಇರುವುದು ಒಂದು ಕೋಣೆ, ಒಂದು ಅಡುಗೆಮನೆ. ಮಂಚದ ನಾಲ್ಕು ಕಾಲಿಗೂ ಎರಡೆರಡು ಇಟ್ಟಿಗೆ ಕೊಟ್ಟು ಎತ್ತರಿಸಿದ್ದಾನೆ, ಕೆಳಗೆ ಪೆಟ್ಟಿಗೆಗಳು ಹಿಡಿಯಲೆಂದು. ಯಾವುದೇ ಕಾರಿನಿಂದ ಒಂದು ಭಾಗ ಬಿಚ್ಚಿದರೂ ಅದನ್ನು ಒರೆಸಿ, ಎಣ್ಣೆ ಬಟ್ಟೆಯಲ್ಲಿ ಸುತ್ತಿ, ಯಾವ ಕಾರಿನದು, ಯಾವತ್ತು ಬಿಚ್ಚಿದ್ದು ಎಂದು ಚೀಟಿ ಕಟ್ಟಿ ಆ ಪೆಟ್ಟಿಗೆಗಳಲ್ಲಿ ಇಡುತ್ತಾನೆ. ಯಜಮಾನನ ಶೆಡ್ಡಿನಲ್ಲಿ ಇಟ್ಟರೆ ಗುಜರಿಗೆ ಹೋಗುತ್ತದೆ ಎಂಬುದು ಅವನಿಗೆ ಗೊತ್ತು. ಹೆಂಡತಿ ಮನೆಯಲ್ಲೇ ಕೂತು ಸೀಟ್ ಕವರ್ ಹೊಲಿಯುತ್ತಾಳೆ. "ಮದುವೆಯಾಗಿ ಮೂವತ್ತು ವರ್ಷ ಆಯ್ತು, ಮಲಗೋದು ಗೇರ್‌ಬಾಕ್ಸ್ ಮೇಲೆ" ಎಂದು ಬಂದವರಿಗೆಲ್ಲ ಹೇಳಿ ನಗುತ್ತಾಳೆ.

ಅವನು ಬಿಡದ ಹಟ ಎರಡು. ಕಾರಿನ ಮೈಯಲ್ಲಿ ಹೊಸ ತೂತು ಕೊರೆಯುವುದಿಲ್ಲ. ಕತ್ತರಿಸಲೇಬೇಕು ಎಂದು ಯಾರಾದರೂ ಹಟ ಹಿಡಿದರೆ ಕೆಲಸದ ಕಾರ್ಡಿನ ಮೇಲೆ ಸಹಿ ಹಾಕಿಸಿಕೊಳ್ಳದೆ ಗರಗಸ ಮುಟ್ಟುವುದಿಲ್ಲ. ಬಿಚ್ಚಿ ಮತ್ತೆ ಮೊದಲಿನಂತೆ ಮಾಡಬಹುದಾದ ಕೆಲಸಕ್ಕೆ ಸಹಿ ಕೇಳುವುದೂ ಇಲ್ಲ. "ವಾಪಸ್ ಆಗೋ ಕೆಲಸಕ್ಕೆ ಸಹಿ ಯಾಕೆ, ನಾವೇನು ಕಳ್ಳರಾ?" ಎನ್ನುತ್ತಾನೆ. ಅವನು ಕೆಟ್ಟದ್ದು ಇಲ್ಲೇ.

ಕಾರು ಎರಡೇ ಸೀಟಿನದು, ಕೆಂಪು, ನೆಲಕ್ಕೆ ಹೊಟ್ಟೆ ತಾಗುವಷ್ಟು ತಗ್ಗು. ಅಂಥವು ಬೆರಳೆಣಿಕೆಯಷ್ಟೂ ಉಳಿದಿಲ್ಲ. ನಾಲ್ಕು ವರ್ಷದ ಹಿಂದೆ ಯಜಮಾನನಿಗೆ ವೇಗದ ಹುಚ್ಚು ಹಿಡಿಯಿತು. ಬೇರೆ ಕಾರಿನ ದೊಡ್ಡ ಎಂಜಿನ್ ಕೂರಿಸು, ದಪ್ಪ ಚಕ್ರ ಹಾಕು, ಚಕ್ರ ಹಿಡಿಯದಿದ್ದರೆ ಮಡ್‌ಗಾರ್ಡು ಕತ್ತರಿಸು ಎಂದ.

"ಯಜಮಾನ್ರೇ, ಕತ್ತರಿಸಿದ್ದು ಮತ್ತೆ ಬೆಳೆಯಲ್ಲ. ಇದು ಕೂದಲಲ್ಲ" ಎಂದ ಮೇಸ್ತ್ರಿ.

"ಕಾರು ಯಾರದಯ್ಯಾ?"

"ನಿಮ್ಮದೇ. ಸಹಿ ಹಾಕಿ."

ಮುಂದಿನ ಮಡ್‌ಗಾರ್ಡಿಗೊಂದು, ಹಿಂದಿನದಕ್ಕೊಂದು ಯಜಮಾನ ಸಹಿ ಹಾಕಿದ.

"ಇದರ ಬ್ರೇಕು ಹಳೇ ಎಂಜಿನ್ನಿಗೆ ಮಾಡಿದ್ದು. ಈ ಭಾರಕ್ಕೆ, ಈ ಓಟಕ್ಕೆ ತಡೆಯಲ್ಲ" ಎಂದ ಮೇಸ್ತ್ರಿ.

"ನಾನು ದುಡ್ಡು ಕೊಡ್ತಿರೋದು ಓಡೋಕೆ, ನಿಲ್ಲೋಕಲ್ಲ!" ಎಂದು ಯಜಮಾನ ನಕ್ಕ. ಶೆಡ್ಡಿನಲ್ಲಿದ್ದವರೂ ನಕ್ಕರು, ಸಂಬಳ ಕೊಡುವವನು ನಕ್ಕಾಗ ನಗಬೇಕಲ್ಲ. ಮೇಸ್ತ್ರಿ ನಗಲಿಲ್ಲ. ಮುಂದಿನ ಎರಡು ಚಕ್ರಗಳ ಹಳೇ ಬ್ರೇಕ್ ಡ್ರಮ್ ಬಿಚ್ಚಿ ಮಂಚದ ಕೆಳಗಿಟ್ಟು, ಡಿಸ್ಕ್ ಬ್ರೇಕು ಕೂರಿಸಿದ. ಇದ್ದ ತೂತಿಗೇ, ಇದ್ದ ಬೋಲ್ಟಿಗೇ.

ಮೂರು ವಾರಕ್ಕೆ ಯಜಮಾನನ ಮಗಳು ಇಳಿಜಾರಿನ ರಸ್ತೆಯಲ್ಲಿ ಆ ಕಾರು ಓಡಿಸಿಕೊಂಡು ಬರುವಾಗ ತಿರುವಿನಲ್ಲಿ ಶಾಲೆಯ ವ್ಯಾನೊಂದು ಕೆಟ್ಟು ಅಡ್ಡ ನಿಂತಿತ್ತು. ಕಾರು ವ್ಯಾನಿನಿಂದ ಒಂದು ಮೊಳ ದೂರದಲ್ಲಿ ನಿಂತಿತು. ಅವತ್ತು ಯಜಮಾನ ಶೆಡ್ಡಿಗೆ ಬಂದು ಮೇಸ್ತ್ರಿಯ ಕೈ ಹಿಡಿದುಕೊಂಡು ಕಣ್ಣಲ್ಲಿ ನೀರು ಹಾಕಿದ. ಆ ನೀರು ಒಂದು ವಾರವೂ ಬಾಳಲಿಲ್ಲ.

ಈಗ ಅವನಿಗೆ ಕಾರು ಮಾರಬೇಕು. ಹಳೇ ಕಾರಿನ ಸಂತೆಯಲ್ಲಿ ಬೆಲೆ ಬರುವುದು ಹುಟ್ಟಿದ ಹಾಗೆ ಉಳಿದಿದ್ದಕ್ಕೆ ಎಂದು ತಡವಾಗಿ ಬುದ್ಧಿ ಬಂತು. "ಹಳೇ ಎಂಜಿನ್ ವಾಪಸ್ ಕೂರಿಸು, ಮಡ್‌ಗಾರ್ಡು ಸರಿಮಾಡು. ಬೆಲೆ ಕಟ್ಟಿಸಿದ ದಿನ ಸಂಬಳ ಒಟ್ಟಿಗೇ ಕೊಡ್ತೀನಿ" ಎಂದ. ಮೇಸ್ತ್ರಿ ಏಳು ತಿಂಗಳು ಬೆನ್ನು ಮುರಿದುಕೊಂಡ. ಆ ಏಳು ತಿಂಗಳೂ ಮನೆಯಲ್ಲಿ ಒಲೆ ಉರಿದದ್ದು ಹೆಂಡತಿಯ ಹೊಲಿಗೆ ಯಂತ್ರದಿಂದ.

ಬೆಲೆ ಕಟ್ಟುವವನು ಬಂದ. ಬಟ್ಟೆ ಸುತ್ತಿದ ಅಯಸ್ಕಾಂತವನ್ನು ಮಡ್‌ಗಾರ್ಡಿನ ಮೇಲೆ ಎಳೆದ. ಕತ್ತರಿಸಿ ಬೆಸೆದು ಪುಟ್ಟಿ ಮೆತ್ತಿದ ಕಡೆ ಅದು ಅಂಟದೆ ಜಾರಿತು.

"ಇದು ಹೋಯ್ತು. ನೂರರಲ್ಲಿ ಮೂವತ್ತು ಇಲ್ಲೇ ಹೋಯ್ತು" ಎಂದ. ಎಂಜಿನ್ನಿನ ನಂಬರಿಗೆ ಟಾರ್ಚು ಬಿಟ್ಟು ನೋಡಿ, "ಕಾರಿನ ಜೊತೆ ಹುಟ್ಟಿದ ಎಂಜಿನ್ನೇ. ಆ ದೊಡ್ಡದು ಇದ್ದಿದ್ರೆ ನಲವತ್ತೂ ಸಿಗ್ತಿರಲಿಲ್ಲ. ಎಪ್ಪತ್ತು ಗಟ್ಟಿ" ಎಂದ.

"ಬ್ರೇಕು?" ಎಂದು ಯಜಮಾನ ಕೇಳಿದ.

"ಹಳೇ ಡ್ರಮ್ ಇದೆಯಾ?"

"ಇದೆ ಸ್ವಾಮಿ. ಒಂದೇ ದಿನದ ಕೆಲಸ" ಎಂದ ಮೇಸ್ತ್ರಿ.

"ಹಾಗಾದ್ರೆ ಬ್ರೇಕಿಂದ ಬೆಲೆಗೆ ಏನೂ ಏಟಿಲ್ಲ."

ಇದನ್ನು ಯಜಮಾನ ಎರಡು ಕಿವಿಯಲ್ಲೂ ಕೇಳಿಸಿಕೊಂಡ. ಬೆಲೆ ಕಟ್ಟುವವನು ಗೇಟು ದಾಟುತ್ತಲೇ ಮೇಸ್ತ್ರಿಯ ಕಡೆ ತಿರುಗಿದ.

"ಬ್ರೇಕು ಬದಲಾಯಿಸು ಅಂತ ನಾನು ಹೇಳಿದ್ನಾ? ಎಲ್ಲಿದೆ ನನ್ನ ಸಹಿ?"

ಮೇಸ್ತ್ರಿ ಕಾರ್ಡು ತಂದ. ಎರಡೇ ಸಹಿ.

"ನೋಡು ಮತ್ತೆ! ಹೇಳದೇ ಕೇಳದೇ ನನ್ನ ಕಾರು ಕೆಡಿಸಿದ್ದೀಯ. ನಿನ್ನ ಸಂಬಳಕ್ಕೂ ನನ್ನ ನಷ್ಟಕ್ಕೂ ಸರಿಹೋಯ್ತು, ನಡಿ."

ಮೂವತ್ತು ಪಾಲು ತಿಂದದ್ದು ಅವನೇ ಸಹಿ ಹಾಕಿದ ಗರಗಸ. ಕೈಬಿಟ್ಟು ಹೋಗಿದ್ದ ಇನ್ನೊಂದು ಮೂವತ್ತು ಪಾಲನ್ನು ಮರಳಿ ತಂದುಕೊಟ್ಟದ್ದು ಮೇಸ್ತ್ರಿ ಮಂಚದ ಕೆಳಗೆ ಬಿಡಿಬಿಡಿಯಾಗಿ ಕಾದಿಟ್ಟ ಹಳೇ ಎಂಜಿನ್ನು. ಲೆಕ್ಕ ಅವನಿಗೆ ಬಾರದೇ ಇಲ್ಲ. ಬ್ರೇಕು ದುಡ್ಡು ನುಂಗಲು ಸಿಕ್ಕ ನೆಪ, ಅಷ್ಟೆ. ಮಗಳ ಜೀವ ಉಳಿಸಿದ ಕೆಲಸವನ್ನೇ ನೆಪ ಮಾಡಿಕೊಳ್ಳಲು ಎಂಥ ಚರ್ಮ ಬೇಕು!

ಮರುದಿನ ಡ್ರಮ್‌ಗಳಿಗಾಗಿ ಯಜಮಾನ ಮೇಸ್ತ್ರಿಯ ಮನೆಗೆ ಡ್ರೈವರನ್ನು ಕಳಿಸಿದ. ಮೆಕ್ಯಾನಿಕ್‌ಗಳ ಸಂಘದಿಂದ ನಾವು ನಾಲ್ಕು ಜನ ಅಲ್ಲೇ ಕೂತಿದ್ದೆವು. ಮೇಸ್ತ್ರಿಯ ಹೆಂಡತಿ ಮಂಚಕ್ಕೆ ಅಡ್ಡ ನಿಂತಳು.

"ದುಡ್ಡು ಬರೋ ತನಕ ಒಂದು ಬೋಲ್ಟೂ ಈ ಬಾಗಿಲು ದಾಟಲ್ಲ. ಹೋಗಪ್ಪಾ, ನಿನ್ನ ಯಜಮಾನ ಬಂದು ಇದರ ಮೇಲೆ ಮಲಗಿ ನೋಡ್ಲಿ!"

ನಾವೂ ಅದನ್ನೇ ಹೇಳಿದೆವು. ಬಯ್ದೇ ಹೇಳಿದೆವು. ಮೇಸ್ತ್ರಿ ಬಗ್ಗಿ ಎರಡು ಗಂಟು ಎಳೆದ, ಚೀಟಿ ಓದಿ ನೋಡಿದ, ಡ್ರೈವರಿನ ಕೈಗೆ ಕೊಟ್ಟ.

"ಇವು ಕಾರಿನವು, ನನ್ನವಲ್ಲ. ಇಟ್ಕೊಂಡ್ರೆ ಅವನಿಗೂ ನನಗೂ ಏನು ವ್ಯತ್ಯಾಸ? ನಂದು ನಂಗೆ ಕೊಡೋಕೆ ಹೇಳು" ಎಂದ. ಹೆಂಡತಿ ಆ ಹೊತ್ತಿಗೆ ಅವನ ಮುಖ ನೋಡಲಿಲ್ಲ. ನನಗೂ ಅವನ ಮೇಲೆ ಕೆಟ್ಟ ಸಿಟ್ಟು ಬಂತು. ಈಗಲೂ ಇದೆ. ಆದರೆ ಇಂಥವನ ಪ್ರಾಮಾಣಿಕತೆಯನ್ನು ಹುರಿದು ತಿನ್ನುವವನ ಮೇಲೆ ಇರುವ ಸಿಟ್ಟಿನ ಮುಂದೆ ಅದು ಏನೂ ಅಲ್ಲ.

ಬರುವ ಭಾನುವಾರ ಆ ಕೆಂಪು ಕಾರು ಮೈದಾನದಲ್ಲಿ ಹರಾಜಿಗೆ ನಿಲ್ಲುತ್ತದೆ. ನಿಮ್ಮಲ್ಲಿ ಕೊಳ್ಳುವವರು ಒಬ್ಬಿಬ್ಬರು ಇರಬಹುದು, ನೋಡಲು ಹೋಗುವವರು ನೂರಾರು. ಎಂಜಿನ್ ಮೂಲದ್ದೇ, ಬಣ್ಣ ಮೂಲದ್ದೇ ಎಂದು ಕೇಳುತ್ತೀರಿ. ಕೇಳಿ. ಅದಾದ ಮೇಲೆ ಎಲ್ಲರಿಗೂ ಕೇಳುವಂತೆ ಇನ್ನೊಂದನ್ನೂ ಕೇಳಿ: ಇದನ್ನು ಉಳಿಸಿದವನಿಗೆ ಸಂಬಳ ಕೊಟ್ಟೆಯಾ? ಕೊಟ್ಟೆ ಎಂದರೆ ಮೇಸ್ತ್ರಿಯ ಸಹಿ ತೋರಿಸು ಎನ್ನಿ. ತೋರಿಸುವ ತನಕ ಯಾರೂ ಬೆಲೆ ಕೂಗಬೇಡಿ, ಯಾರನ್ನೂ ಕೂಗಲು ಬಿಡಬೇಡಿ.