ಪ್ರಶ್ನೆ ಕಸಿದುಕೊಂಡು ಹೋಗುವ ಟ್ಯಾಬ್

ನಾನು ಪಿಎಚ್‌ಡಿಗೆ ಸೇರಿದ ಸುದ್ದಿಯನ್ನು ಅಪ್ಪ ಕುಷ್ಟಗಿಯ ನಮ್ಮ ಕಿರಾಣಿ ಅಂಗಡಿಗೆ ಬಂದವರಿಗೆಲ್ಲ ಹೇಳುತ್ತಿದ್ದರು. ಕಲಿಕಾ ವಿಜ್ಞಾನ, ಶಿಕ್ಷಣ ತಂತ್ರಜ್ಞಾನ ಎಂಬ ಹೆಸರುಗಳು ಅವರ ಬಾಯಲ್ಲಿ ನಿಲ್ಲುತ್ತಿರಲಿಲ್ಲ. ಅದಕ್ಕೇ ಸುಲಭ ಮಾಡಿಕೊಂಡಿದ್ದರು: "ಮಂದಿ ಹೆಂಗ ಕಲೀತಾರ ಅನ್ನೋದನ್ನ ಕಲಿಯಾಕತ್ತಾಳ್ರಿ." ಬೆಲ್ಲ ತೂಗಿಸಿಕೊಳ್ಳುತ್ತಿದ್ದ ಒಬ್ಬರು, "ಹಂಗಾರ ಇಷ್ಟ ದಿನಾ ಸಾಲ್ಯಾಗ ಏನ್ ಮಾಡಿದ್ಲು?" ಎಂದು ಕೇಳಿದರು. ಒಳಗೆ ಕೂತಿದ್ದ ನನಗೆ ನಗು ಬಂತು. ಆಮೇಲೆ ಅನ್ನಿಸಿತು, ಅಲ್ಲ, ಇದು ಒಳ್ಳೆಯ ಪ್ರಶ್ನೆಯೇ!

ಆ್ಯಪ್ ಮಾಡುವುದನ್ನು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಎಂ.ಎಡ್. ಓದುವಾಗ ಮೊಬೈಲ್‌ನಲ್ಲಿ ವಿಡಿಯೊ ನೋಡಿ, ಬರೆದು, ಕೆಡಿಸಿ, ಮತ್ತೆ ಬರೆದು ಕಲಿತದ್ದು. ಹಾಗೆ ಹುಟ್ಟಿದ್ದು ಭಿನ್ನರಾಶಿ ಕಲಿಸುವ ನನ್ನ ಆ್ಯಪ್. ಉತ್ತರ ಸರಿಯಾದರೆ ಮುಂದಿನದು ಕಷ್ಟದ ಪ್ರಶ್ನೆ, ತಪ್ಪಾದರೆ ಸುಲಭದ್ದು. ಸ್ವಲ್ಪ ಹೊತ್ತಾದರೂ ಯಾರೂ ಪರದೆ ಮುಟ್ಟದಿದ್ದರೆ, ಮಗುವಿಗೆ ಗೊತ್ತಿಲ್ಲ ಎಂದು ತಿಳಿದು ಅದು ತಾನಾಗಿಯೇ ಕೆಳಗಿನ ಹಂತಕ್ಕೆ ಇಳಿಯುತ್ತಿತ್ತು. ಆ ಜಾಣತನದ ಮೇಲೆ ನನಗೆ ಎಷ್ಟು ಪ್ರೀತಿಯೆಂದರೆ, ರೊಟ್ಟಿ ಬಡಿಯುತ್ತಿದ್ದ ಅವ್ವನನ್ನೂ ಎಬ್ಬಿಸಿ ತೋರಿಸಿದ್ದೆ.

ಗೈಡ್ ಸರ್‌ಗೆ ಮಾತ್ರ ನಂಬಿಕೆ ಬಂದಿರಲಿಲ್ಲ. ವಿಶ್ವವಿದ್ಯಾಲಯದ ಸಮಿತಿಯ ಮುಂದೆ ಸಂಶೋಧನೆಯ ವಿಷಯ ಮಂಡಿಸುವ ದಿನ ಹತ್ತಿರ ಬಂದಿತ್ತು. ಅಷ್ಟರೊಳಗೆ ಒಂದು ಶಾಲೆಯಲ್ಲಿ ಪ್ರಯೋಗ ಮಾಡಿ ಹೇಳುವಂಥದ್ದು ಏನಾದರೂ ಸಿಕ್ಕರೆ ಆ್ಯಪ್, ಇಲ್ಲದಿದ್ದರೆ ಶಿಕ್ಷಕರಿಗೆ ಪ್ರಶ್ನಾವಳಿ ಹಂಚಿ ಸಮೀಕ್ಷೆ, ಎಂದು ಖಡಕ್ಕಾಗಿ ಹೇಳಿದ್ದರು. ಪ್ರಶ್ನಾವಳಿ ಎಂಬ ಮಾತು ಕೇಳಿದರೇ ನನಗೆ ಆಕಳಿಕೆ ಬರುತ್ತಿತ್ತು.

ಬೇವೂರು ಕಡೆಯ ಒಂದು ಸರ್ಕಾರಿ ಶಾಲೆ ಒಪ್ಪಿತು. ಐದನೆಯ ತರಗತಿಯ ಟೀಚರನ್ನು ಮಕ್ಕಳು ಅಕ್ಕೋರು ಎನ್ನುತ್ತಿದ್ದರು, ನಾನೂ ಹಾಗೇ ಕರೆಯತೊಡಗಿದೆ. ಹೆತ್ತವರ ಒಪ್ಪಿಗೆ ಕೇಳಲು ಅವರೇ ನನ್ನ ಜೊತೆ ಮನೆಮನೆಗೆ ಬಂದರು. ಟ್ಯಾಬ್‌ಗಳು ಕಡಿಮೆ ಇದ್ದವು, ಹಾಗಾಗಿ ಗುಂಪಿಗೊಂದರಂತೆ ಕೊಟ್ಟೆ. ಸಂಶೋಧಕರು ಮಧ್ಯೆ ಬಾಯಿ ಹಾಕಬಾರದು ಎಂದು ಓದಿದ್ದೆನಲ್ಲ, ದೂರ ಬಾಗಿಲ ಬಳಿ ಹೋಗಿ ಗಂಭೀರವಾಗಿ ಕೂತೆ.

ಸಂಜೆ ಮನೆಗೆ ಬಂದು ಲ್ಯಾಪ್‌ಟಾಪ್ ತೆರೆದು ನೋಡಿದೆ. ಭಿನ್ನರಾಶಿ ಬಂದ ಕೂಡಲೇ ಎಲ್ಲ ಗುಂಪುಗಳೂ ಜಾರಿ ಕೆಳಗೆ ಬಿದ್ದಿದ್ದವು. ಬಾಳೆಹಣ್ಣು ಎಣಿಸುವ ಪ್ರಶ್ನೆಯಿಂದ ಮೇಲೆ ಹತ್ತುವುದು, ಮತ್ತೆ ಜಾರುವುದು. ಇವರಿಗೆ ಅರ್ಧ, ಕಾಲು ಎಂದರೇನೆಂದೇ ಗೊತ್ತಿಲ್ಲ ಎಂದು ಆ್ಯಪ್ ವರದಿ ಕೊಟ್ಟಿತ್ತು. ಪ್ರಶ್ನಾವಳಿ ಕಣ್ಣ ಮುಂದೆ ಬಂದು ನಿಂತಿತು.

ಮರುದಿನ ಮಧ್ಯಾಹ್ನ ಬಿಸಿಯೂಟ ಮುಗಿಸಿದ ಮಕ್ಕಳು ಶಾಲೆಯ ಕಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ಮನೆ ಗೀಚಿ ಚೌಕಾಬಾರ ಆಡುತ್ತಿದ್ದರು. ನನಗೆ ಕೆಲಸ ಮಾಡಲು ಮನಸ್ಸಿರಲಿಲ್ಲ, ನೋಡುತ್ತ ನಿಂತೆ. ಒಂದೊಂದು ಕಡೆಗೆ ಇಬ್ಬರು ಮೂವರು. ಹುಣಸೆ ಬೀಜ ಉರುಳಿಸಿ ಲೆಕ್ಕ ಬಿದ್ದ ಮೇಲೆ ಕಾಯಿ ನಡೆಸುವ ಕೈ ಒಂದೇ, ಆದರೆ ತನ್ನ ಕಡೆಯವರೆಲ್ಲ ಹೂಂ ಅನ್ನುವವರೆಗೆ ಆ ಕೈ ಕಾಯಿ ಮುಟ್ಟುವುದಿಲ್ಲ. ಇಲ್ಲಿ ಹೀಗೇ, ಒಬ್ಬರೇ ನಡೆಸಿ ಕಾಯಿ ಹೊಡೆಸಿಕೊಂಡರೆ ಜಗಳ ಮನೆಯವರೆಗೂ ಹೋಗುತ್ತದೆ ಎಂದು ಅಕ್ಕೋರು ನಕ್ಕರು.

ಬೀಜಗಳನ್ನು ಮುಷ್ಟಿಯಲ್ಲಿ ಹಿಡಿದಿದ್ದ ಎರಡು ಜಡೆಯ ಹುಡುಗಿ ತಲೆ ಎತ್ತಿ ನನ್ನನ್ನು ನೋಡಿದಳು.

"ಅಕ್ಕಾ, ನಿಮ್ಮ ಟ್ಯಾಬಿಗೆ ತಾಳ್ಮಿನ ಇಲ್ಲರಿ. ನಾವಿನ್ನೂ ಮಾತಾಡಾಕತ್ತಿರ್ತೀವಿ, ಅದು ಪ್ರಶ್ನಿ ಕಸ್ಗೊಂಡು ಹೋಗಿಬಿಡ್ತೈತಿ."

ಯಾರೂ ಪರದೆ ಮುಟ್ಟದ ಹೊತ್ತನ್ನು ನಾನು ಮೌನ ಎಂದುಕೊಂಡಿದ್ದೆ, ಅದು ಮೌನವೇ ಆಗಿರಲಿಲ್ಲ. ಟ್ಯಾಬ್‌ಗೆ ಬೆರಳು ಮಾತ್ರ ಗೊತ್ತು, ಬೆರಳಿಗಿಂತ ಮೊದಲು ನಡೆಯುವ ಮಾತು ಗೊತ್ತಿಲ್ಲ. ಅದೇ ಕಟ್ಟೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ಅಷ್ಟು ಮುದ್ದಿನಿಂದ ಬರೆದಿದ್ದ ಆ ಸಮಯದ ಲೆಕ್ಕವನ್ನು ಕಿತ್ತು ಹಾಕಿದೆ. ಅಕ್ಕೋರನ್ನೂ ಹೆತ್ತವರನ್ನೂ ಮತ್ತೊಮ್ಮೆ ಕೇಳಿ, ಪ್ರತಿ ಟ್ಯಾಬ್ ಪಕ್ಕ ಮಾತು ಹಿಡಿಯುವ ಒಂದೊಂದು ಪುಟ್ಟ ರೆಕಾರ್ಡರ್ ಇಟ್ಟೆ.

ಅದರಲ್ಲಿ ಏನಿತ್ತು ಅಂತೀರಿ! ಮೂರನೇ ಒಂದು ಭಾಗ ದೊಡ್ಡದೋ, ನಾಲ್ಕನೇ ಒಂದು ಭಾಗವೋ ಎಂಬುದು ಪ್ರಶ್ನೆ. ನಾಲ್ಕು ದೊಡ್ಡದು, ಆದ್ದರಿಂದ ನಾಲ್ಕನೇ ಒಂದೇ ದೊಡ್ಡದು ಎಂದು ಒಬ್ಬ ಹಟ ಹಿಡಿದಿದ್ದ. ಎರಡು ಜಡೆಯವಳು ಬಿಡಲಿಲ್ಲ.

"ನಿಮ್ಮನ್ಯಾಗ ಬೀಗರು ಬಂದಂಗೆಲ್ಲಾ ನಿನ್ ಪಾಲಿನ ಹೋಳಿಗಿ ದೊಡ್ಡದಾಕ್ಕೈತೇನೋ?"

ಎಲ್ಲರೂ ನಕ್ಕರು. ಕೊನೆಗೆ ಅವನೇ ಮೆಲ್ಲಗೆ, "ಮಂದಿ ಹೆಚ್ಚಾದ್ರ ತುಂಡು ಸಣ್ಣದಾಕ್ಕೈತಿ, ಹೂಂ," ಎಂದ. ಅದಾದ ಮೇಲೆ ಒಂದು ಬೆರಳು ಪರದೆ ಮುಟ್ಟಿತು. ಉತ್ತರ ಸರಿ. ಬಸ್ಸಿನಲ್ಲಿ ಕುಷ್ಟಗಿಗೆ ವಾಪಸಾಗುವಾಗ ಇಯರ್‌ಫೋನ್‌ನಲ್ಲಿ ಆ ತುಣುಕನ್ನು ಕೇಳಿದ್ದೇ ಕೇಳಿದ್ದು. ಪಕ್ಕದಲ್ಲಿ ಕೂತಿದ್ದ ಹೆಂಗಸು ಯಾವ ಹಾಡು ಎಂದು ವಿಚಾರಿಸಿದರು. ನಾನು ಅವರಿಗೆ ಹೋಳಿಗೆಯ ಕಥೆ ಪೂರ್ತಿ ಹೇಳಿದೆ.

ಸಮಿತಿಯ ಮುಂದೆ ಅದನ್ನೇ ಕೇಳಿಸಿದೆ. ಗೈಡ್ ಸರ್ ಸೇರಿ ಎಲ್ಲರೂ ನಕ್ಕರು, ನನಗೆ ಧೈರ್ಯ ಬಂತು. ಆದರೆ ನಗು ಮುಗಿದ ಕೂಡಲೇ ಗೈಡ್ ಸರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಭಾಳ ಛಲೋ ಐತಿ. ಆದ್ರ ಬೆರಳು ಒಂದ, ಮಾತು ನಾಕು. ಯಾರು ಕಲಿತ್ರು ಅಂತ ಹೆಂಗ ಹೇಳ್ತೀಯವ್ವಾ?"

ಬಾಯಿಗೆ ಬಂದದ್ದನ್ನೇ ಹೇಳಿದೆ: "ಅದನ್ನ ಹೇಳಾಕ ಬಂದ್ರ ನನ್ ಪಿಎಚ್‌ಡಿ ಮುಗಿದಂಗರಿ ಸರ್. ಈಗ ಅದ ನನ್ ಪ್ರಶ್ನಿ."

ನನ್ನನ್ನು ಹೊರಗೆ ಕೂರಿಸಿ ಮಾತಾಡಿದರು. ಬಾಗಿಲ ಆಚೆ ಗುಜುಗುಜು, ಕುರ್ಚಿ ಎಳೆದ ಸದ್ದು, ಮತ್ತೆ ಗುಜುಗುಜು. ಕಾಯುವುದು ನನಗೇ ಇಷ್ಟು ಕಷ್ಟ, ಇನ್ನು ನನ್ನ ಆ್ಯಪ್‌ಗೆ ಕಾಯುವುದನ್ನು ಹೇಗೆ ಕಲಿಸಿರುತ್ತಿದ್ದೆ ಎನ್ನಿಸಿತು. ಕೊನೆಗೆ ಒಳಗೆ ಕರೆದರು. ವಿಷಯ ಒಪ್ಪಿದ್ದರು. ಗುಂಪಿನ ಜೊತೆಗೆ ಒಬ್ಬೊಬ್ಬ ಮಗುವನ್ನೂ ಬೇರೆಯಾಗಿ ಪರೀಕ್ಷಿಸಬೇಕು ಎಂಬ ಒಂದು ಷರತ್ತು, ಅಷ್ಟೆ.

ಮುಂದಿನ ಸೋಮವಾರವೇ ಶಾಲೆಗೆ ಓಡಿದೆ. ಈ ಸಲ ಬಾಗಿಲ ಬಳಿ ಕೂರಲಿಲ್ಲ. ಮಕ್ಕಳು ಸರಿದು ಟ್ಯಾಬ್‌ನ ಒಂದು ಬದಿಯಲ್ಲಿ ಜಾಗ ಕೊಟ್ಟರು. ಪ್ರಶ್ನೆ ಬಂತು, ನಾನೇ ಬರೆದ ಪ್ರಶ್ನೆ, ಉತ್ತರ ಎದುರಿಗೇ ಕಾಣುತ್ತಿತ್ತು. ಉತ್ಸಾಹದಲ್ಲಿ ಬೆರಳು ತಾನಾಗಿಯೇ ಮುಂದೆ ಹೋಯಿತು.

ಎರಡು ಜಡೆಯವಳು ನನ್ನ ಮಣಿಕಟ್ಟು ಹಿಡಿದುಕೊಂಡಳು.

"ತಡೀರಿ ಅಕ್ಕಾ. ಇವ ಇನ್ನೂ ಹೂಂ ಅಂದಿಲ್ಲ."